ಶೀಟಿಗೆ ಡ್ರಿಲ್ ಹಾಕುವ ಮುನ್ನ

ಎನ್ನೆಸ್ಸೆಸ್ ಕ್ಯಾಂಪ್ ಅಂತ ಸಿರಿಗೆರೆ ಕಡೆಯ ಹಳ್ಳಿಗೆ ಹೋದರೆ ನಾವು ಶಾಲೆ ರಿಪೇರಿಗೂ ಕೈ ಹಾಕುತ್ತೇವೆ. ಸೋರುವ ಸೂರಿಗೆ ಏಣಿ ಇಡುವ ಮೊದಲು ಕೇಳಿಕೊಳ್ಳೋಣ: ಮೇಲಿರೋದು ಬರೀ ಸಿಮೆಂಟಾ?

ನಾವು ಸಿಮೆಂಟ್ ಶೀಟ್ ಅನ್ನೋದರಲ್ಲಿ ಸಾಮಾನ್ಯವಾಗಿ ಶೇ. 10ರ ಆಸುಪಾಸು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಕಾಂಕ್ರೀಟಿಗೆ ಕಬ್ಬಿಣದ ಸರಳು ಹೇಗೋ, ಶೀಟಿಗೆ ಈ ಎಳೆ ಹಾಗೆ. ಶೀಟ್ ಗಟ್ಟಿಯಾಗಿರುವಷ್ಟು ದಿನ ಎಳೆಗಳು ಸಿಮೆಂಟಿನೊಳಗೇ ಇರುತ್ತವೆ. ಕೊರೆದಾಗ, ಒಡೆದಾಗ, ಬಿಸಿಲು ಮಳೆಗೆ ಸವೆದಾಗ ಗಾಳಿಗೆ ಸೇರುತ್ತವೆ. ಉಸಿರಿನ ಜೊತೆ ಒಳಹೋದರೆ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮೀಸೋಥೀಲಿಯೋಮಾ ಬರಬಹುದು. ಇವು ಕಾಣಿಸಿಕೊಳ್ಳೋದು ಹೆಚ್ಚಾಗಿ 20ರಿಂದ 40 ವರ್ಷದ ನಂತರ. ಆರು ವರ್ಷದ ಮಗುವಿನ ಮುಂದೆ ಅಷ್ಟೂ ವರ್ಷ ಇದೆ. ಶಾಲೆಯ ಸೂರಿನ ಬಗ್ಗೆ ಹೆಚ್ಚು ಎಚ್ಚರ ಬೇಕಾಗಿರೋದು ಅದಕ್ಕೇ.

ನಮ್ಮ ಹೊಳೆನರಸೀಪುರದಲ್ಲೇ ಹಿಂದೆ ಕಲ್ನಾರು ತೆಗೆಯುತ್ತಿದ್ದರು. ಈಗ ಹೊರದೇಶದಿಂದ ತರಿಸಿ ಶೀಟ್ ಮಾಡುತ್ತಾರೆ. ಕೇರಳದಲ್ಲಿ ಮಾತ್ರ ಶಾಲೆಗಳ ಈ ಸೂರು ಬದಲಿಸಬೇಕೆಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ 2009ರಲ್ಲೇ ಹೇಳಿತು.

ನಾವು ಮಾಡಬೇಕಾದ್ದು ಇಷ್ಟು: ಹಳೆ ಶೀಟಿಗೆ ತೂತು ಕೊರೆಯಬಾರದು, ಉಜ್ಜಬಾರದು. ಚೂರು ಬಿದ್ದಿದ್ದರೆ ಒಣ ಪೊರಕೆ ಬೇಡ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಬಳಿದು, ಚೀಲದಲ್ಲಿ ಕಟ್ಟಿಡಬೇಕು. ಮಕ್ಕಳು ಹತ್ತಿರ ಬರಬಾರದು. ಬಟ್ಟೆ ಮಾಸ್ಕ್ ಈ ಎಳೆ ತಡೆಯೋಲ್ಲ. ಸೂರು ಬದಲಿಸೋದು ತಿಳಿದವರ ಕೆಲಸ. ಒಡೆದ ಶೀಟಿನ ಫೋಟೋ ಸಮೇತ ಎಸ್‌ಡಿಎಂಸಿಗೆ ಬರೆದುಕೊಡೋದು ನಮ್ಮ ಕೆಲಸ.