ಕಳ್ಳಿ ಎಲೆಯಂಥ ಕತ್ತಿ, ಪೀಣ್ಯದ ಬೋರ್ ನೀರು

ಜಿಗಣಿ ಕಡೆ ಯೋಗ ಕಲಿತು, ಹನ್ನೊಂದು ವರ್ಷದಿಂದ ಪೀಣ್ಯದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕಲಿಸುತ್ತಿದ್ದೇನೆ. ಆಸನ ಕಲಿಯಲು ಹೋದವನಿಗೆ ಎರಡನೇ ತಿಂಗಳಲ್ಲೇ ಮಲ್‌ಮಲ್ ಬಟ್ಟೆ ನುಂಗು ಎಂದರು. ಆ ಬಟ್ಟೆಯಿಂದ ಶುರುವಾದ ಪಾಠಗಳಿವು.

1. ಬೆಚ್ಚುವ ಮೊದಲೂ ಮೆಚ್ಚುವ ಮೊದಲೂ ಮೂಲ ಓದಬೇಕು. 15ನೇ ಶತಮಾನದ ಸ್ವಾತ್ಮಾರಾಮ ‘ಹಠಯೋಗಪ್ರದೀಪಿಕಾ’ದಲ್ಲಿ ಧೌತಿಯನ್ನು ಅಳತೆ ಸಮೇತ ಹೇಳುತ್ತಾನೆ: ನಾಲ್ಕು ಅಂಗುಲ ಅಗಲ, ಹದಿನೈದು ಮೊಳ ಉದ್ದದ ಒದ್ದೆ ಬಟ್ಟೆಯನ್ನು ಗುರು ತೋರಿಸಿದಂತೆ ನಿಧಾನವಾಗಿ ನುಂಗಿ, ಮತ್ತೆ ಹೊರಗೆ ಎಳೆಯಬೇಕು. ಮೊದಲ ದಿನ ನನಗೆ ಒಂದು ಗೇಣೂ ಇಳಿಯಲಿಲ್ಲ. ಅದೇ ಅಧ್ಯಾಯದ ಇನ್ನೊಂದು ಮಾತು ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ಮೇದಸ್ಸು, ಕಫ ಹೆಚ್ಚಿದವರಿಗೆ ಮಾತ್ರ ಷಟ್ಕರ್ಮ, ಅಂದರೆ ಧೌತಿಯೂ ಸೇರಿದ ಆರು ಶುದ್ಧಿಕ್ರಿಯೆಗಳು. ದೋಷಗಳು ಸಮವಾಗಿರುವವರು ಮಾಡಬಾರದು. ಪ್ರಾಣಾಯಾಮವೇ ಸಾಕು, ಬೇರೆ ಕರ್ಮ ಬೇಡ ಎನ್ನುವ ಆಚಾರ್ಯರಿದ್ದಾರೆ ಎಂದೂ ಅವನೇ ಬರೆದಿದ್ದಾನೆ. ಶಿಬಿರಗಳಲ್ಲಿ ಬಟ್ಟೆಯ ಅಳತೆ ಹೇಳುವವರು ಈ ಎರಡು ಮಾತನ್ನೂ ಹೇಳಬೇಕು.

2. ಬ್ಲೇಡು ಮುಟ್ಟಬೇಡಿ. ನಾಲಿಗೆಯನ್ನು ಹಿಂದಕ್ಕೆ ಮಡಚಿ ಗಂಟಲಿನ ಮೇಲಕ್ಕೆ ಏರಿಸುವ ಖೇಚರಿ ಮುದ್ರೆಗೆ ಅದೇ ಗ್ರಂಥದ ಪ್ರಕಾರ ನಾಲಿಗೆಯ ಕೆಳಗಿನ ತಂತುವನ್ನು ಎಲೆಗಳ್ಳಿಯ ಎಲೆಯಂಥ ಹರಿತ ಕತ್ತಿಯಿಂದ ಕೂದಲೆಳೆಯಷ್ಟು ಕೊಯ್ದು, ಸೈಂಧವ ಲವಣ ಮತ್ತು ಅಳಲೆಕಾಯಿ ಪುಡಿ ಉಜ್ಜಬೇಕು. ಏಳು ದಿನ ಬಿಟ್ಟು ಮತ್ತೆ ಕೊಯ್ಯಬೇಕು. ಹೀಗೆ ಆರು ತಿಂಗಳು. ರಾತ್ರಿ ಪಾಳಿಯ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋ ನೋಡಿ, “ಸರ್, ನಾನೇ ಮಾಡಿಕೊಳ್ಳಲಾ?” ಎಂದು ಕೇಳಿದ್ದ. ನಾಲಿಗೆಯಡಿ ರಕ್ತನಾಳಗಳಿವೆ, ಜೊಲ್ಲಿನ ನಾಳಗಳ ಬಾಯಿಗಳಿವೆ. ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅವನ್ನೆಲ್ಲ ತೋರಿಸಿದೆ. ಅವನು ಬ್ಲೇಡಿನ ಆಸೆ ಬಿಟ್ಟ, ತರಗತಿ ಬಿಡಲಿಲ್ಲ.

3. ಕಠಿಣ ಕ್ರಿಯೆಗೆ ಗ್ರಂಥವೇ ಬೀಗ ಹಾಕಿರುತ್ತದೆ. ‘ಘೇರಂಡ ಸಂಹಿತೆ’ಯಲ್ಲಿ ನಾಭಿಮಟ್ಟದ ನೀರಲ್ಲಿ ನಿಂತು, ಕರುಳನ್ನು ಹೊರತೆಗೆದು ತೊಳೆಯುವ ಬಹಿಷ್ಕೃತ ಧೌತಿ ಇದೆ. ಹೊಟ್ಟೆಯಲ್ಲಿ ಗಾಳಿಯನ್ನು ಅರ್ಧ ಯಾಮ, ಅಂದರೆ ಒಂದೂವರೆ ಗಂಟೆ, ಹಿಡಿದಿಡಲಾಗದವನು ಇದಕ್ಕೆ ಕೈ ಹಾಕಬಾರದು ಎಂಬ ಷರತ್ತೂ ಅಲ್ಲೇ ಇದೆ. ಇದನ್ನು ನಾನು ಓದಿಸುತ್ತೇನೆ, ಮಾಡಿಸುವುದಿಲ್ಲ.

4. ಸುಲಭದ ಕ್ರಿಯೆಯಲ್ಲೇ ನಾನು ಎಡವಿದ್ದು. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಗೆ ನಲ್ಲಿಯಿಂದಲೇ ನೀರು ಹಿಡಿಸಿದೆ. ಆ ನಲ್ಲಿಗೆ ಬರುವುದು ಬೋರ್ ನೀರು ಎಂದು ಅಲ್ಲಿನ ಫಿಟ್ಟರ್ ಅಣ್ಣ ಹೇಳಿದ ಮೇಲೆ ಎಲ್ಲರ ಲೋಟವನ್ನೂ ಚೆಲ್ಲಿಸಿದೆ. ಪೀಣ್ಯದ ಅಂತರ್ಜಲಕ್ಕೆ ಲೋಹಲೇಪನ ಘಟಕಗಳ ಕ್ರೋಮಿಯಂ ಸೇರಿದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಕ್ರೋಮಿಯಂ ಹೋಗುವುದಿಲ್ಲ. ಕುದಿಸದ ನೀರು ಮೂಗಿಗೆ ಹೋದರೆ ನೆಗ್ಲೇರಿಯಾ ಅಮೀಬಾ ಮಿದುಳಿಗೇರುವ ಅಪಾಯವಿದೆ. ಅದು ತಗುಲಿದವರಲ್ಲಿ ಬದುಕುವವರು ತೀರಾ ವಿರಳ. ಈಗ ಕುಡಿಯಲು ಯೋಗ್ಯವಾದ ನೀರನ್ನೇ ಕುದಿಸಿ, ಉಗುರುಬೆಚ್ಚಗೆ ಆರಿಸಿ, ಅರ್ಧ ಲೀಟರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿಸುತ್ತೇನೆ.

5. ಕರುಳು ತೊಳೆಯುವ ಶಂಖಪ್ರಕ್ಷಾಲನಕ್ಕೆ ಲೋಟದ ಮೇಲೆ ಲೋಟ ಉಪ್ಪುನೀರು ಕುಡಿಯಬೇಕು. ಬಿ.ಪಿ., ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಹೊಟ್ಟೆಯ ಅಲ್ಸರ್ ಇರುವವರು, ಬಸುರಿಯರು ದಯವಿಟ್ಟು ಇದನ್ನು ಮಾಡಬೇಡಿ. ಪಾಳಿ ಮುಗಿಸಿ, ನಿದ್ದೆಯಿಲ್ಲದೆ ಬಂದ ದಿನವಂತೂ ಯಾರೂ ಬೇಡ. ಶಿಬಿರಕ್ಕೆ ಸೇರುವಾಗ, ಕೇಳದಿದ್ದರೂ ನಿಮ್ಮ ಕಾಯಿಲೆ ಮತ್ತು ಮಾತ್ರೆಗಳ ಹೆಸರನ್ನು ಗುರುಗಳಿಗೆ ಹೇಳಿ.