ಎಂಜಿನ್ ಚಾಲೂ ಆಗದಿದ್ದರೆ ಮೊದಲು ಪ್ಲಗ್ ಬಿಚ್ಚಿ ನೋಡಿ

ಮಳೆಗಾಲದಲ್ಲಿ ಹೊಳವಾದ ಒಂದು ದಿನದ ಬೆಲೆಯನ್ನು ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಕೊಳೆರೋಗಕ್ಕೆ ಎರಡನೆಯ ಸಿಂಪಡಣೆಯನ್ನು ಮೊದಲನೆಯದಾದ 40-45 ದಿನಗಳಲ್ಲಿ ಮುಗಿಸಬೇಕು. ಬೋರ್ಡೋ ದ್ರಾವಣವನ್ನು ತಯಾರಿಸಿದ ದಿನವೇ ಬಳಸಬೇಕು. ಒಂದು ವರ್ಷ ನಮ್ಮ ತೋಟದಲ್ಲಿ ದ್ರಾವಣ ಸಿದ್ಧವಾಗಿ, ಕೊನೆಗಾರರು ಬಂದು ನಿಂತಿದ್ದರೂ ಸ್ಪ್ರೇಯರಿನ ಎಂಜಿನ್ ಚಾಲೂ ಆಗಲಿಲ್ಲ. ಮೂವರು ಸರದಿಯಂತೆ ಎಳೆದು ಹಗ್ಗವೇ ತುಂಡಾಯಿತು. ಪೇಟೆಗೆ ಒಯ್ದಾಗ ಮೆಕ್ಯಾನಿಕ್ ಹಗ್ಗ ಕಟ್ಟಿ, ಪ್ಲಗ್ ಒರೆಸಿ, ಸ್ವಲ್ಪ ಹೊತ್ತಿನಲ್ಲೇ ಓಡಿಸಿದರು. ನಾವು ಮರಳುವಷ್ಟರಲ್ಲಿ ಮಳೆ ಹಿಡಿದಿತ್ತು. ಮುಂದಿನ ಹೊಳವು ಸಿಗುವಾಗ ಮರದ ಬುಡದಲ್ಲಿ ಕೊಳೆತ ಕಾಯಿ ಉದುರಿತ್ತು. ಆ ಪಾಠವನ್ನು ಸದಸ್ಯ ಬಾಂಧವರಿಗಾಗಿ ಇಲ್ಲಿ ಬರೆದಿದ್ದೇವೆ. ಕಳೆ ಕತ್ತರಿಸುವ ಯಂತ್ರದ ಎರಡು ಸ್ಟ್ರೋಕಿನ ಎಂಜಿನ್ನಿಗೂ ಇದು ಅನ್ವಯಿಸುತ್ತದೆ.

ಎಂಜಿನ್ ಓಡಲು ಮೂರು ಬೇಕು: ಪೆಟ್ರೋಲು, ಕಿಡಿ, ಸಿಲಿಂಡರಿನೊಳಗೆ ಒತ್ತಡ. ಮೊದಲು ಸ್ವಿಚ್ಚು ಓಡುವ ಕಡೆಗಿದೆಯೇ, ಪೆಟ್ರೋಲಿನ ಕಾಕ್ ತೆರೆದಿದೆಯೇ, ತಣ್ಣಗಿನ ಎಂಜಿನ್ನಿಗೆ ಚೋಕ್ ಹಾಕಿದೆಯೇ ನೋಡಿ. ಐದಾರು ಬಾರಿ ಎಳೆದರೂ ಫಲವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಪ್ಲಗ್ ಬಿಚ್ಚಿರಿ.

ಪ್ಲಗ್ ಒದ್ದೆಯಾಗಿದ್ದರೆ: ಪೆಟ್ರೋಲು ಬರುತ್ತಿದೆ, ಆದರೆ ಉರಿಯುತ್ತಿಲ್ಲ. ಸ್ವಿಚ್ಚು ಆರಿಸಿ, ಚೋಕ್ ತೆಗೆದು, ಪ್ಲಗ್ಗಿಲ್ಲದೆ ಐದಾರು ಬಾರಿ ಹಗ್ಗ ಎಳೆದರೆ ಒಳಗೆ ತುಂಬಿದ ಪೆಟ್ರೋಲು ಹೊರಬೀಳುತ್ತದೆ. ಚೆಲ್ಲಿದ್ದನ್ನು ಒರೆಸಿ ಆರಲು ಬಿಡಿ. ಪ್ಲಗ್ಗಿನ ಮಸಿ ಕೆರೆದು, ತುದಿಗಳ ನಡುವಿನ ಸಂದನ್ನು ಸಾಮಾನ್ಯವಾಗಿ 0.6ರಿಂದ 0.7 ಮಿಲಿಮೀಟರಿಗೆ ಸರಿಪಡಿಸಿ. ನಂತರ ಪ್ಲಗ್ಗನ್ನು ವೈರಿನ ಟೋಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು, ಸ್ವಿಚ್ಚು ಹಾಕಿ ಹಗ್ಗ ಎಳೆಯಿರಿ. ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವಾದರೆ ದೋಷ ವೈರು, ಸ್ವಿಚ್ಚು ಅಥವಾ ಕಾಯಿಲಿನಲ್ಲಿದೆ.

ಪ್ಲಗ್ ಒಣಗಿದ್ದರೆ: ಪೆಟ್ರೋಲು ತಲುಪುತ್ತಿಲ್ಲ. ಪ್ಲಗ್ ತೂತಿಗೆ ನಾಲ್ಕೈದು ಹನಿ ಪೆಟ್ರೋಲು ಬಿಟ್ಟು, ಪ್ಲಗ್ ಬಿಗಿದು ಎಳೆಯಿರಿ. ಕ್ಷಣಕಾಲ ಓಡಿ ನಿಂತರೆ ಕಿಡಿ ಸರಿಯಿದೆಯೆಂದು ತಿಳಿಯಿರಿ. ಆಗ ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ, ಒಳಗಿನ ಫಿಲ್ಟರು, ಬಿರುಕು ಬಿಟ್ಟ ಪೈಪು, ಕೊನೆಗೆ ಕಾರ್ಬುರೇಟರು, ಈ ಕ್ರಮದಲ್ಲಿ ಪರೀಕ್ಷಿಸಿ.

ಪೆಟ್ರೋಲು, ಕಿಡಿ ಎರಡೂ ಸರಿಯಿದ್ದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ. ಹಗ್ಗ ತಡೆಯಿಲ್ಲದೆ ಹಗುರವಾಗಿ ಬಂದರೆ ರಿಂಗು ಅಥವಾ ಪಿಸ್ಟನ್ ಸವೆದಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ.

ಈ ಎಂಜಿನ್ನಿಗೆ ಬೇರೆ ಎಣ್ಣೆತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಆಧಾರ. 25ಕ್ಕೆ 1 ಎಂದರೆ ಲೀಟರಿಗೆ 40 ಮಿಲಿ, 50ಕ್ಕೆ 1 ಎಂದರೆ 20 ಮಿಲಿ. ನಿಮ್ಮ ಯಂತ್ರಕ್ಕೆ ಯಾವುದೆಂಬುದು ಅದರ ಕೈಪಿಡಿಯಲ್ಲಿದೆ. ಅಂದಾಜಿನ ಮೇಲೆ ಸುರಿಯಬೇಡಿ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿಯುತ್ತದೆ, ಹೆಚ್ಚಾದರೆ ಪ್ಲಗ್ ಮಸಿ ಹಿಡಿಯುತ್ತದೆ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಲೆನಾಡಿನ ಹವೆಯಲ್ಲಿ ಬೇಗ ಕೆಡುತ್ತದೆ. ಕಳೆದ ಹಂಗಾಮಿನ ಪೆಟ್ರೋಲನ್ನು ಬಳಸಬೇಡಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವ ತನಕ ಎಂಜಿನ್ ಓಡಿಸಿ ಇಡಿ.

ಮಳೆಗೆ ಹದಿನೈದು ದಿನ ಮೊದಲೇ ಒಮ್ಮೆ ಚಾಲೂ ಮಾಡಿ ನೋಡಿ. ಒಂದು ಹೊಸ ಪ್ಲಗ್, ಪ್ಲಗ್ ಪಾನಾ ಮತ್ತು ಒಂದು ಗಜ ಹಗ್ಗ ಸ್ಪ್ರೇಯರಿನ ಜೊತೆಗೇ ತೋಟಕ್ಕೆ ಬರಲಿ. ಹೊಳವು ನಮಗಾಗಿ ಕಾಯುವುದಿಲ್ಲ.