ಬಲಿ ಕೊಡುವುದು, ಬಲಿಯಾಗುವುದು



ಮಕ್ಕಳು ನೋಡುವ ಕಾರ್ಟೂನಿನಲ್ಲಿ ಮಂತ್ರ, ಮಾಟ ಎಂಬುದು ಕಣ್ಣಿಗೆ ಬಿದ್ದೊಡನೆ ಟಿ.ವಿ. ಆರಿಸಿಬಿಡುವ ತಂದೆತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರ ಎಚ್ಚರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆರಿಸುವ ಮೊದಲು ಸ್ವಲ್ಪ ಹೊತ್ತು ಮಕ್ಕಳ ಪಕ್ಕದಲ್ಲಿ ಕುಳಿತು ನೀವೂ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಕೆಲವು ಕಥೆಗಳಲ್ಲಿ ಮಂತ್ರವೆಂಬುದು ಮೇಲಿನ ಸಿಪ್ಪೆ ಮಾತ್ರ. ಒಳಗಿರುವ ತಿರುಳು ಬೇರೆಯೇ. ಅಂಥ ಒಂದು ಕಥೆಯನ್ನು ಈ ವಾರ ಪಾಠವಾಗಿ ತೆಗೆದುಕೊಳ್ಳೋಣ.

ಅಮೆರಿಕದ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 2010ರಲ್ಲಿ ಆರಂಭವಾದ ‘ಯಂಗ್ ಜಸ್ಟಿಸ್’ ಎಂಬ ಧಾರಾವಾಹಿಯಲ್ಲಿ ಜತಾರಾ ಎಂಬ ಮಂತ್ರವಾದಿಯೂ ಜತಾನ್ನಾ ಎಂಬ ಅವನ ಹದಿಹರೆಯದ ಮಗಳೂ ಬರುತ್ತಾರೆ. ಬ್ಯಾಟ್‌ಮ್ಯಾನ್ ಮೊದಲಾದ ಹಿರಿಯ ವೀರರ ಕೈಕೆಳಗೆ ಪಳಗುತ್ತಿರುವ ಹುಡುಗ ಹುಡುಗಿಯರ ತಂಡದ ಕಥೆ ಅದು. ಜತಾರಾ ಇಂದು ನಿನ್ನೆಯ ಪಾತ್ರವಲ್ಲ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿಯೇ ಅವನೂ ಹುಟ್ಟಿದ. ಮಗಳು ಕಾಮಿಕ್ಸ್ ಪುಟಗಳಿಗೆ ಬಂದದ್ದು 1964ರಲ್ಲಿ. ತಂದೆ ಮಗಳು ಇಬ್ಬರೂ ಮಾತುಗಳನ್ನು ಹಿಂದುಮುಂದಾಗಿ ಉಚ್ಚರಿಸಿ ಮಂತ್ರ ಹಾಕುತ್ತಾರೆ, ಅಷ್ಟೆ.

ಮಂತ್ರದ ವಿಷಯವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಗುಪ್ತ ಶಕ್ತಿಗಳನ್ನು ಕೈವಶ ಮಾಡಿಕೊಂಡು ಇತರರ ಮೇಲೆ ಪ್ರಯೋಗಿಸುವ ಮಾಟಮಂತ್ರವನ್ನು ಧರ್ಮಸಭೆ ಖಂಡಿಸುತ್ತದೆ. 1992ರ ಕಥೋಲಿಕ ಸತ್ಯೋಪದೇಶ ಗ್ರಂಥದ 2116 ಮತ್ತು 2117ನೆಯ ಪರಿಚ್ಛೇದಗಳನ್ನು ನೋಡಿ. ತಾಯಿತ ಕಟ್ಟಿಸಿಕೊಳ್ಳುವವರೂ ಶಾಸ್ತ್ರ ಕೇಳುವವರೂ ಅದನ್ನು ಓದಿದರೆ ಒಳ್ಳೆಯದು, ಏಕೆಂದರೆ ಆ ಮಾತು ಕಾರ್ಟೂನಿಗಿಂತ ಹೆಚ್ಚಾಗಿ ಅವರಿಗೆ ಅನ್ವಯಿಸುತ್ತದೆ. ಅಜ್ಜಿಕಥೆಯಲ್ಲಿ ಮಾತನಾಡುವ ಗಿಳಿಯನ್ನು ಮಕ್ಕಳು ಹೇಗೆ ಸ್ವೀಕರಿಸುತ್ತಾರೋ ಜತಾರಾನ ಮಂತ್ರವನ್ನೂ ಹಾಗೆಯೇ ಸ್ವೀಕರಿಸುತ್ತಾರೆ. ಮುಂದಕ್ಕೆ ಹೋಗೋಣ.

ಮೊದಲ ಸರಣಿಯಲ್ಲಿ, 2012ರಲ್ಲಿ ಪ್ರಸಾರವಾದ ಒಂದು ಕಂತು ನಮ್ಮ ವಿಷಯ. ಕ್ಲಾರಿಯನ್ ಎಂಬ ದುಷ್ಟನೂ ಅವನ ಜೊತೆಗಾರರೂ ಸೇರಿ ಲೋಕವನ್ನು ಎರಡಾಗಿ ಸೀಳುತ್ತಾರೆ. ದೊಡ್ಡವರೆಲ್ಲ ಒಂದು ಲೋಕದಲ್ಲಿ, ಮಕ್ಕಳೆಲ್ಲ ಇನ್ನೊಂದರಲ್ಲಿ. ಹಾಲು ಕುಡಿಯುವ ಕೂಸಿನ ಪಕ್ಕದಲ್ಲಿ ತಾಯಿ ಇಲ್ಲ. ಮಕ್ಕಳ ಲೋಕದಲ್ಲಿ ಕ್ಲಾರಿಯನ್‌ನನ್ನು ಎದುರಿಸುವ ಶಕ್ತಿ ಯಾರಿಗೂ ಸಾಲದು. ಆಗ ಜತಾನ್ನಾ ಒಂದು ಚಿನ್ನದ ಶಿರಸ್ತ್ರಾಣವನ್ನು ತೊಡುತ್ತಾಳೆ. ಅದರಲ್ಲಿ ನಾಬು ಎಂಬ ಪುರಾತನ ಶಕ್ತಿಯ ವಾಸ. ಅವನು ಕ್ರಮ, ವ್ಯವಸ್ಥೆಗಳ ಒಡೆಯ. ತೊಟ್ಟವರ ದೇಹವನ್ನು ಹಿಡಿದು ‘ಡಾಕ್ಟರ್ ಫೇಟ್’ ಆಗಿ ಕೆಲಸ ಮಾಡುತ್ತಾನೆ. ಶಿರಸ್ತ್ರಾಣ ಕಳಚುವುದು ಅವನ ಇಷ್ಟಕ್ಕೆ ಬಿಟ್ಟದ್ದು. ಅಪಾಯ ಏನೆಂದು ತಿಳಿದೇ ಹುಡುಗಿ ಅದನ್ನು ತೊಟ್ಟಳು. ಲೋಕ ಉಳಿಯಿತು, ಎರಡು ಲೋಕಗಳು ಒಂದಾದವು. ಆದರೆ ನಾಬು ಅವಳನ್ನು ಬಿಡಲು ಒಪ್ಪಲಿಲ್ಲ.

ಅವನ ವಾದವನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಅವನು ರಾಕ್ಷಸನಲ್ಲ, ಲೋಕದ ಹಿತವನ್ನೇ ಬಯಸುವವನು. ದುಷ್ಟಶಕ್ತಿಗಳು ಮತ್ತೆ ಮತ್ತೆ ಬರುತ್ತವೆ, ಲೋಕಕ್ಕೆ ತಾನು ಬೇಕು, ತನಗೊಂದು ದೇಹ ಬೇಕು. ಎಷ್ಟೋ ಕೋಟಿ ಜನರ ರಕ್ಷಣೆಯ ಮುಂದೆ ಒಬ್ಬ ಹುಡುಗಿಯ ಬಾಳು ಎಷ್ಟರದು? ಲೆಕ್ಕ ಸರಿಯಾಗಿಯೇ ಇದೆಯಲ್ಲ ಎನಿಸುತ್ತದೆ. ಈ ಲೆಕ್ಕವನ್ನು ಬೇರೆಲ್ಲಿ ಕೇಳಿದ್ದೇವೆ? ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಪ್ರಧಾನ ಯಾಜಕ ಕಾಯಿಫನ ಬಾಯಲ್ಲಿ. ಇಡೀ ಜನಾಂಗ ನಾಶವಾಗುವುದಕ್ಕಿಂತ ಒಬ್ಬ ಸಾಯುವುದು ಲಾಭವೆಂದು ಅವನೂ ಎಣಿಸಿದ. ಆ ಮಾತಿನಲ್ಲಿ ತನಗೇ ಅರಿಯದ ಪ್ರವಾದನೆ ಇತ್ತೆಂದು ಶುಭಸಂದೇಶಕಾರರು ಹೇಳುತ್ತಾರೆ, ನಿಜ. ಆದರೆ ಕಾಯಿಫನ ಮನಸ್ಸಿನಲ್ಲಿದ್ದುದು ಬರೀ ಲೆಕ್ಕ. ಆ ಲೆಕ್ಕದಲ್ಲಿ ಸಾಯಬೇಕಾದವನು ಎಂದೂ ಲೆಕ್ಕ ಹಾಕುವವನಲ್ಲ, ಬೇರೆ ಯಾರೋ.

ಈಗ ತಂದೆ ಮುಂದೆ ಬರುತ್ತಾನೆ. ಮಗಳನ್ನು ಒಬ್ಬನೇ ಸಾಕುತ್ತಿರುವವನು. ತಂಡದೊಡನೆ ಹೋಗುತ್ತೇನೆಂದರೆ ಹತ್ತು ಪ್ರಶ್ನೆ ಕೇಳುವ, ಮಗಳ ದೃಷ್ಟಿಯಲ್ಲಿ ತುಸು ಅತಿಯೇ ಆದ ತಂದೆ. ಅವನು ನಾಬುವಿನೊಡನೆ ಯುದ್ಧ ಮಾಡುವುದಿಲ್ಲ. ಮಗಳನ್ನು ಬಿಟ್ಟು ತನ್ನನ್ನು ತೆಗೆದುಕೋ ಎನ್ನುತ್ತಾನೆ. ಅವಳನ್ನು ನೋಡಿಕೊಳ್ಳಿರೆಂದು ಅಲ್ಲಿದ್ದವರಿಗೆ ಒಪ್ಪಿಸುತ್ತಾನೆ, ಅವಳಿಗೆ ಪ್ರೀತಿಯ ಮಾತು ಹೇಳುತ್ತಾನೆ, ಶಿರಸ್ತ್ರಾಣ ತೊಡುತ್ತಾನೆ. ಮರುಗಳಿಗೆಯಲ್ಲಿ ಅದೇ ಮುಖದ ಹಿಂದೆ ಅಪ್ಪ ಇಲ್ಲ, ಡಾಕ್ಟರ್ ಫೇಟ್ ಇದ್ದಾನೆ. ಇಪ್ಪತ್ತು ಇಪ್ಪತ್ತೆರಡು ನಿಮಿಷದ ಕಾರ್ಟೂನಿನಲ್ಲಿ ಇಷ್ಟು ಗಂಭೀರವಾದದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

ನಮ್ಮ ಭಾಷೆಯಲ್ಲಿ ಎರಡು ಮಾತುಗಳಿವೆ: ಬಲಿ ಕೊಡುವುದು, ಬಲಿಯಾಗುವುದು. ನಾಬು ಬಲಿ ಕೇಳಿದ. ಜತಾರಾ ತಾನೇ ಬಲಿಯಾದ. ಪವಿತ್ರ ಗ್ರಂಥದಲ್ಲಿ ಈ ಎರಡಕ್ಕೂ ಉದಾಹರಣೆಗಳಿವೆ. ನ್ಯಾಯಸ್ಥಾಪಕರ ಗ್ರಂಥದ 11ನೆಯ ಅಧ್ಯಾಯದಲ್ಲಿ ಯೆಫ್ತಾಹನು ಯುದ್ಧದಲ್ಲಿ ಗೆಲ್ಲಲು ಹರಕೆ ಹೊರುತ್ತಾನೆ: ಗೆದ್ದು ಮರಳಿದಾಗ ಮನೆಯ ಬಾಗಿಲಿನಿಂದ ಮೊದಲು ಎದುರಿಗೆ ಬರುವುದು ದೇವರಿಗೆ. ಬಂದವಳು ಒಬ್ಬಳೇ ಮಗಳು, ದಮ್ಮಡಿ ಬಡಿಯುತ್ತ ಕುಣಿಯುತ್ತ. ತಂದೆ ಬಟ್ಟೆ ಹರಿದುಕೊಂಡು ಅತ್ತ. ಆದರೆ ಹರಕೆ ಹೊತ್ತ ತಂದೆ ಬದುಕಿದ, ಹರಕೆಯ ಕುರಿಯಾದವಳು ಮಗಳು. ಆದಿಕಾಂಡದ 44ನೆಯ ಅಧ್ಯಾಯಕ್ಕೆ ಬನ್ನಿ. ಈಜಿಪ್ಟಿನಲ್ಲಿ ಕಿರಿಯ ತಮ್ಮ ಬೆನ್ಯಾಮೀನನು ಸೆರೆಯಾಗುವ ಹೊತ್ತಿನಲ್ಲಿ ಅಣ್ಣ ಯೆಹೂದನು, ಹುಡುಗನನ್ನು ಅಪ್ಪನ ಬಳಿಗೆ ಕಳುಹಿಸಿ ಅವನ ಬದಲು ತನ್ನನ್ನೇ ಗುಲಾಮನಾಗಿ ಇರಿಸಿಕೊಳ್ಳಿ ಎಂದು ಬೇಡುತ್ತಾನೆ. ಹಿಂದೆ ಜೋಸೆಫನನ್ನು ಮಾರಿಬಿಡೋಣ ಎಂದು ಸೂಚಿಸಿದವನೂ ಇದೇ ಯೆಹೂದ (37ನೆಯ ಅಧ್ಯಾಯ). ಒಬ್ಬ ತಮ್ಮನನ್ನು ಕೊಟ್ಟವನು ಇನ್ನೊಬ್ಬ ತಮ್ಮನಿಗಾಗಿ ತನ್ನನ್ನು ಕೊಟ್ಟುಕೊಳ್ಳುವವನಾದ. ಅವನ ವಂಶದಲ್ಲಿಯೇ ಯೇಸುಸ್ವಾಮಿ ಹುಟ್ಟಿದರು.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆಯನ್ನು ತಿದ್ದಬೇಕಾಗಿದೆ. ಪಿತ ದೇವರು ಕೋಪಗೊಂಡರು, ಅವರಿಗೆ ರಕ್ತ ಬೇಕಾಯಿತು, ಮಗ ಸಿಕ್ಕಿದ, ಸಮಾಧಾನವಾಯಿತು ಎಂಬ ರೀತಿಯಲ್ಲಿ ಶಿಲುಬೆಯನ್ನು ವಿವರಿಸುವವರು ಇಂದಿಗೂ ಇದ್ದಾರೆ. ಹೀಗೆ ಹೇಳಿದರೆ ಪಿತ ದೇವರನ್ನು ನಾಬುವಿನ ಜಾಗದಲ್ಲಿ ಕೂರಿಸಿದಂತಾಗುತ್ತದೆ: ನನಗೊಂದು ದೇಹ ಬೇಕು, ಯಾರದಾದರೂ ಸರಿ. ಸಂತ ತೋಮಸ್ ಅಕ್ವಿನಾಸರು ‘ಸುಮ್ಮಾ ಥಿಯೊಲೊಜಿಕಾ’ದ ಮೂರನೆಯ ಭಾಗದಲ್ಲಿ (ಪ್ರಶ್ನೆ 47) ಇದನ್ನು ನೇರವಾಗಿ ಎತ್ತಿಕೊಳ್ಳುತ್ತಾರೆ. ನಿರಪರಾಧಿಯನ್ನು ಅವನ ಇಚ್ಛೆಗೆ ವಿರುದ್ಧವಾಗಿ ಸಾವಿಗೆ ಒಪ್ಪಿಸುವುದು ಕ್ರೂರವೇ ಸರಿ, ಪಿತನು ಹಾಗೆ ಮಾಡಲಿಲ್ಲ. ನಮಗಾಗಿ ನೋವುಣ್ಣುವ ಪ್ರೀತಿಯನ್ನು ಮಗನಲ್ಲಿ ತುಂಬಿದನು ಎಂಬುದು ಅವರ ಉತ್ತರ. ಯಾರೂ ತಮ್ಮ ಪ್ರಾಣವನ್ನು ಕಿತ್ತುಕೊಳ್ಳುತ್ತಿಲ್ಲ, ತಾವಾಗಿಯೇ ಕೊಡುತ್ತಿರುವುದಾಗಿ ಯೇಸುಸ್ವಾಮಿಯೇ ಹೇಳಿದ್ದಾರೆ (ಯೊವಾನ್ನ 10:18). ನಾವು ಪ್ರತಿ ಭಾನುವಾರ ಅರ್ಪಿಸುವುದನ್ನು ಬಲಿಪೂಜೆ ಎನ್ನುತ್ತೇವಲ್ಲವೇ? ಅಲ್ಲಿ ಅರ್ಪಿಸುವ ಯಾಜಕರೂ ಅರ್ಪಿತವಾಗುವ ಬಲಿಯೂ ಅವರೊಬ್ಬರೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಒಂದು ಸುಂದರ ನೀತಿಕಥೆ ಆಗುತ್ತಿತ್ತು. ಆದರೆ ಇದನ್ನು ಬರೆದವರು ಮುಂದಿನ ಸರಣಿಗಳಲ್ಲಿ ತ್ಯಾಗದ ನಂತರ ಏನಾಗುತ್ತದೆ ಎಂಬುದನ್ನೂ ತೋರಿಸಿದ್ದಾರೆ. ಅದಕ್ಕಾಗಿಯೇ ಈ ಕಥೆ ನನಗೆ ಹಿಡಿಸಿತು. ಮಗಳು ಬದುಕಿದಳು, ಅಪ್ಪ ಕಣ್ಣೆದುರಿಗೇ ಓಡಾಡುತ್ತಿದ್ದಾನೆ, ಆದರೆ ಅಪ್ಪನಲ್ಲ. 2019ರ ಮೂರನೆಯ ಸರಣಿಯ ಹೊತ್ತಿಗೆ ನಾಬು ಅವರಿಗೆ ವರ್ಷಕ್ಕೆ ಒಂದು ಗಂಟೆ ಕೊಡುತ್ತಾನೆ. ವರ್ಷಕ್ಕೊಂದೇ ಗಂಟೆ! ಗಲ್ಫಿನಲ್ಲಿ ದುಡಿಯುವ ತಂದೆ ರಜೆಯಲ್ಲಿ ಬಂದು ಹೋಗುವ ಮನೆಗಳು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಎಷ್ಟಿಲ್ಲ? ಆ ಮನೆಯ ಮಕ್ಕಳಿಗೆ ಈ ದೃಶ್ಯದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ತಮಗಾಗಿಯೇ ಹೋಗಿದ್ದಾರೆಂದು ಅವರು ಬಲ್ಲರು. ಬಲ್ಲರಾದ್ದರಿಂದಲೇ ದೂರುವಂತಿಲ್ಲ, ಅಳುವಂತೆಯೂ ಇಲ್ಲ. ‘ನಿನಗೋಸ್ಕರ ನಾನು ಏನೆಲ್ಲ ಮಾಡಿದೆ’ ಎಂಬ ಮಾತನ್ನು ಅಂಥ ಮಕ್ಕಳ ಮುಂದೆ ಪದೇ ಪದೇ ಎತ್ತಬೇಡಿ. ಜತಾರಾ ಎತ್ತುವುದಿಲ್ಲ.

ನಾಲ್ಕನೆಯ ಸರಣಿ 2021 ಮತ್ತು 2022ರಲ್ಲಿ ಬಂತು. ಈಗ ಜತಾನ್ನಾ ದೊಡ್ಡವಳು, ಟ್ರೇಸಿ, ಖಾಲಿದ್, ಮೇರಿ ಎಂಬ ಮೂವರು ಶಿಷ್ಯರಿಗೆ ಗುರು. ಅವರಿಗೆ ವಿದ್ಯೆ ಕಲಿಸುವುದರ ಹಿಂದೆ ಅವಳ ಎದೆಯಲ್ಲಿ ಒಂದು ಆಸೆ ಇತ್ತು: ಇವರಲ್ಲಿ ಒಬ್ಬರು ಶಿರಸ್ತ್ರಾಣ ತೊಟ್ಟರೆ ಅಪ್ಪ ಬಿಡುಗಡೆಯಾಗಬಹುದು. ಅದನ್ನು ಅವರಿಗೆ ಹೇಳಿರಲಿಲ್ಲ. ನೋಡಿ, ತಂದೆಯನ್ನು ಪ್ರೀತಿಸುವ ಮಗಳೇ ನಾಬುವಿನ ಲೆಕ್ಕಕ್ಕೆ ಎಷ್ಟು ಹತ್ತಿರ ಬಂದಳು! ತಾನು ಬಲಿಯಾಗಲು ಸಿದ್ಧಳಿದ್ದವಳು ಇತರರನ್ನು ಬಲಿ ಕೊಡುವ ಅಂಚಿಗೆ ಬಂದು ನಿಂತಳು.

ಇದು ನಮ್ಮ ಕಥೋಲಿಕ ಕುಟುಂಬಗಳಿಗೆ ದೂರದ ಮಾತೇನಲ್ಲ. ಮಗು ಕಾಯಿಲೆ ಬಿದ್ದಾಗ ‘ವಾಸಿಯಾದರೆ ಇವನನ್ನು ಗುರುಮಠಕ್ಕೆ ಕೊಡುತ್ತೇನೆ, ಇವಳನ್ನು ಕನ್ಯಾಮಠಕ್ಕೆ ಕೊಡುತ್ತೇನೆ’ ಎಂದು ಹರಕೆ ಹೊರುವ ತಾಯಂದಿರಿದ್ದಾರೆ. ತಮ್ಮಂದಿರ ಓದಿಗಾಗಿ ಹಿರಿಮಗಳ ಓದು ನಿಲ್ಲಿಸಿ, ಊರವರ ಮುಂದೆ ಅವಳ ತ್ಯಾಗವನ್ನು ಹೊಗಳುವ ಮನೆಗಳಿವೆ. ಯಾರ ತ್ಯಾಗ ಅದು? ಅವಳನ್ನು ಕೇಳಿದವರು ಯಾರು? ಹರಕೆಯು ಅದನ್ನು ಹೊತ್ತವರನ್ನು ಮಾತ್ರ ಕಟ್ಟಿಹಾಕುತ್ತದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1193ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ತಾಯಿ ಹೊತ್ತ ಹರಕೆಯಿಂದ ಮಗನಿಗೆ ಯಾವ ಕಟ್ಟೂ ಇಲ್ಲ. ಯಾಜಕ ದೀಕ್ಷೆಗೆ ಯಾರನ್ನೂ ಯಾವ ಕಾರಣಕ್ಕೂ ಬಲವಂತಪಡಿಸಕೂಡದೆಂದು 1026ನೆಯ ನಿಯಮ ನಿಷೇಧಿಸುತ್ತದೆ. ಬಲವಂತದಿಂದ ಅಥವಾ ಘೋರ ಭಯದಿಂದ ನಡೆದ ಮದುವೆ ಮದುವೆಯೇ ಅಲ್ಲ (1103). ಹರಕೆ ಹೊತ್ತು ಮನಸ್ಸಿನಲ್ಲಿ ಕೊರಗುತ್ತಿರುವ ತಾಯಿಯಿದ್ದರೆ ತಮ್ಮ ಧರ್ಮಕೇಂದ್ರದ ಗುರುಗಳ ಬಳಿ ಹೋಗಿ ಮಾತನಾಡಲಿ. ಇದಕ್ಕೆಲ್ಲ ಧರ್ಮಸಭೆಯಲ್ಲಿ ದಾರಿ ಇದೆ.

ಜತಾನ್ನಾ ಕೊನೆಗೆ ಶಿಷ್ಯರ ಮುಂದೆ ತನ್ನ ಮನಸ್ಸಿನಲ್ಲಿದ್ದುದನ್ನು ಒಪ್ಪಿಕೊಳ್ಳುತ್ತಾಳೆ. ಮೇರಿ ಅವರನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಾಳೆ. ಉಳಿದ ಇಬ್ಬರು, ಈಗ ಎಲ್ಲವನ್ನೂ ತಿಳಿದವರಾಗಿ, ತಾವೇ ಮುಂದೆ ಬರುತ್ತಾರೆ. ಜತಾರಾ, ಜತಾನ್ನಾ, ಟ್ರೇಸಿ, ಖಾಲಿದ್ ನಾಲ್ವರೂ ವಾರಕ್ಕೊಬ್ಬರಂತೆ ಶಿರಸ್ತ್ರಾಣ ಹೊರುವುದೆಂದು ನಾಬುವಿನೊಡನೆ ಒಪ್ಪಂದವಾಗುತ್ತದೆ. ನಾಲ್ಕು ವಾರಗಳಲ್ಲಿ ಮೂರು ವಾರ ಜತಾರಾ ಮತ್ತೆ ಮನುಷ್ಯ, ಮತ್ತೆ ಅಪ್ಪ. ಭಾರ ಇಳಿಯಲಿಲ್ಲ, ಹಂಚಿಕೆಯಾಯಿತು. ಖಾಲಿದ್ ಇಸ್ಲಾಂ ಧರ್ಮದ ಯುವಕ ಎಂಬುದನ್ನೂ ಗಮನಿಸಿ. ತನಗೆ ರಕ್ತಸಂಬಂಧವೇ ಇಲ್ಲದ ಒಬ್ಬ ತಂದೆಗಾಗಿ ಅವನು ತನ್ನ ಬಾಳಿನ ಕಾಲು ಭಾಗವನ್ನು ಕೊಡುತ್ತಾನೆ.

ಕಾರ್ಟೂನಿನಲ್ಲಿ ಹೀಗೆಲ್ಲ ಆಗಬಹುದು, ನಿಜ ಜೀವನದಲ್ಲಿ ಆದೀತೇ ಎಂದು ನಿಮ್ಮ ಮಕ್ಕಳು ಕೇಳಿದರೆ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕಥೆ ಹೇಳಿ. 1941ರ ಬೇಸಿಗೆಯಲ್ಲಿ ಆಶ್ವಿಟ್ಜ್ ಸೆರೆಶಿಬಿರದಿಂದ ಒಬ್ಬ ತಪ್ಪಿಸಿಕೊಂಡನೆಂದು ಹತ್ತು ಕೈದಿಗಳನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಿದರು. ಅವರಲ್ಲಿ ಒಬ್ಬನಾದ ಫ್ರಾನ್ಸಿಸೆಕ್ ಗಯೋವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಸಾಲಿನಿಂದ ಹೊರಬಂದ ಫ್ರಾನ್ಸಿಸ್ಕನ್ ಗುರು ಕೋಲ್ಬೆ, ತಾನೊಬ್ಬ ಕಥೋಲಿಕ ಯಾಜಕ, ಆ ಸಂಸಾರಸ್ಥನ ಬದಲು ತಾನು ಹೋಗುತ್ತೇನೆ ಎಂದರು. ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ಕೊಟ್ಟು ಅವರನ್ನು ಕೊಂದರು. ಆಗ ಅವರಿಗೆ 47 ವರ್ಷ. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಪ್ರಾಣಾರ್ಪಣೆಯನ್ನು ಸಂತ ಪದವಿಯತ್ತ ಒಯ್ಯುವ ಪ್ರತ್ಯೇಕ ಮಾರ್ಗವೆಂದು ಗುರುತಿಸಿದಾಗ, ಅದಕ್ಕೆ ಇಟ್ಟ ಮೊದಲ ಷರತ್ತು ಆ ಅರ್ಪಣೆ ಸ್ವತಂತ್ರವಾಗಿಯೂ ಸ್ವಇಚ್ಛೆಯಿಂದಲೂ ಆಗಿರಬೇಕು ಎಂಬುದು.

ಗಯೋವ್ನಿಚೆಕ್ ಉಳಿದ. ಮನೆಗೆ ಮರಳಿದಾಗ ಹೆಂಡತಿ ಇದ್ದಳು. ಯಾರಿಗಾಗಿ ಅತ್ತಿದ್ದನೋ ಆ ಮಕ್ಕಳು ಯುದ್ಧದಲ್ಲಿ ಸತ್ತಿದ್ದರು. 1982ರ ಅಕ್ಟೋಬರ್ 10ರಂದು ಪೋಪ್ ಎರಡನೆಯ ಜಾನ್ ಪಾಲರು ಕೋಲ್ಬೆಯವರನ್ನು ಸಂತರೆಂದು ಸಾರಿದಾಗ ಅವನು ರೋಮಿನಲ್ಲಿ ಆ ಬಲಿಪೂಜೆಯಲ್ಲಿದ್ದ. ತನ್ನ ಬದಲಿಗೆ ಸತ್ತ ಗುರುವಿನ ಬಗ್ಗೆ ಊರೂರಿಗೆ ಹೋಗಿ ಹೇಳುತ್ತ, 1995ರಲ್ಲಿ ತೀರಿಕೊಂಡ. ಆಗ ಅವನಿಗೆ 93 ವರ್ಷ.